ಮುಚ್ಚಳದ ಮೂಲೆಯಲ್ಲಿದ್ದ ಮೂರು ಪದ

ಕಳೆದ ತಿಂಗಳು ನಮ್ಮ ಮನೆಯ ಕಿಟಕಿ ಬಾಗಿಲುಗಳಿಗೆ ಬಣ್ಣ ಹೊಡೆಸಿದೆವು. ಪೇಂಟರ್ ಕೆಲಸ ಮುಗಿಸಿ, ಹಳೆಯ ಬನಿಯನ್ನಿನ ಚೂರಿಗೆ ಥಿನ್ನರ್ ಸುರಿದುಕೊಂಡು ಗಾಜಿನ ಮೇಲೆ ಬಿದ್ದಿದ್ದ ಹನಿಗಳನ್ನು ಒರೆಸುತ್ತಿದ್ದ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಪೇಪರ್ ಮಡಿಸಿಟ್ಟು ಬೀದಿಗೆ ಹೋಗಿ ನಿಂತೆ. ಹೆಂಡತಿ ಹಿಂದೆಯೇ ಬಂದು "ತಲೆನೋವಾ?" ಎಂದು ಕೇಳಿದಳು. ಹೌದು ಎಂದೆ. ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಸಲೀಸು.

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಓದುವಾಗ ನಮಗೆ ಒಬ್ಬರು ಕ್ರಾಫ್ಟ್ ಟೀಚರ್ ಇದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಕ್ಕಳಿಗೆ, ಉಳಿದ ಮೇಷ್ಟ್ರುಗಳಿಗೆ, ಗೇಟಿನ ಹತ್ತಿರ ಸೀಬೆಹಣ್ಣು ಮಾರುತ್ತಿದ್ದವಳಿಗೆ, ಎಲ್ಲರಿಗೂ ಅವರು ಕ್ರಾಫ್ಟ್ ಮಿಸ್. ರಟ್ಟು ಕತ್ತರಿಸುವುದು, ನೋಟ್‌ಬುಕ್ಕಿಗೆ ಬೈಂಡ್ ಹಾಕುವುದು, ಗುಂಡಿ ಹೊಲಿಯುವುದು, ಇವನ್ನೆಲ್ಲ ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಕಲಿಸುತ್ತಿದ್ದರು. ಪರೀಕ್ಷೆಯಲ್ಲಿ ಮಾರ್ಕ್ಸ್ ಇಲ್ಲದ ವಿಷಯ. ಹಾಗಾಗಿ ಗಣಿತದ ಮೇಷ್ಟ್ರು ಸಿಲಬಸ್ ಮುಗಿದಿಲ್ಲ ಎಂದು ಆಗಾಗ ಆ ಪೀರಿಯಡ್ಡನ್ನು ಕಿತ್ತುಕೊಳ್ಳುತ್ತಿದ್ದರು. ಮಿಸ್ ಬಾಗಿಲಲ್ಲಿ ನಿಂತು, "ಅಳತೆ ಬರ್ದೇ ಇರೋರಿಗೆ ಗಣಿತ ಹೆಂಗ್ ಬರುತ್ತೆ ಸಾರ್?" ಎಂದು ಕೇಳಿ ವಾಪಸ್ ಹೋಗುತ್ತಿದ್ದರು.

ಅವರಿಗೆ ಒಂದು ವಿಷಯದಲ್ಲಿ ಮಾತ್ರ ವಿಪರೀತ ಸಿಟ್ಟು ಬರುತ್ತಿತ್ತು. ಸ್ಕೇಲಿನಲ್ಲಿ ಅಂಚೇ ಬೇರೆ, ಸೊನ್ನೆಯ ಗೆರೆಯೇ ಬೇರೆ. ನಾವು ಆತುರದಲ್ಲಿ ಅಂಚಿನಿಂದ ಅಳೆದುಬಿಡುತ್ತಿದ್ದೆವು. ಆಗ ಬೆರಳ ಗಿಣ್ಣಿನ ಮೇಲೆ ಅದೇ ಸ್ಟೀಲ್ ಸ್ಕೇಲು ಬೀಳುತ್ತಿತ್ತು. ನನಗೆ ಬಿದ್ದಷ್ಟು ಏಟು ಬೇರೆ ಯಾರಿಗೂ ಬಿದ್ದಿಲ್ಲ...

ಆಮೇಲೆ ಎಷ್ಟೋ ವರ್ಷ ಅವರು ನನಗೆ ನೆನಪಾಗಲೇ ಇಲ್ಲ. ನಾನು ತುಮಕೂರಿಗೆ ಬಂದೆ, ಅದೂ ಇದೂ ಮಾಡಿದೆ, ಕೊನೆಗೆ ಒಂದು ಅಕ್ವೇರಿಯಂ ಅಂಗಡಿ ಇಟ್ಟೆ. ಗಾಜಿನ ತೊಟ್ಟಿಗಳನ್ನು ನಾನೇ ಅಂಟಿಸುತ್ತಿದ್ದೆ. ಮೀನು ಬೆಂಗಳೂರಿನಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತಿತ್ತು. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಹೊಸ ಮನೆ ಕಟ್ಟಿದವರಿಗೆಲ್ಲ ಆಗ ನಡುಮನೆಯಲ್ಲಿ ಒಂದು ಮೀನಿನ ತೊಟ್ಟಿ ಇರಬೇಕು ಎನಿಸುತ್ತಿತ್ತು.

ಒಂದು ಮಧ್ಯಾಹ್ನ ಬಿಳಿಕೂದಲಿನ ಹೆಂಗಸೊಬ್ಬರು ಕೊಡೆ ಮಡಿಸುತ್ತ ಅಂಗಡಿಗೆ ಬಂದರು. ಕೈಯಲ್ಲಿ ಪೇಪರಿನ ಪೊಟ್ಟಣ. ಬಿಚ್ಚಿ ಕೌಂಟರಿನ ಮೇಲೆ ಇಟ್ಟರು. ಒಣಗಿ ಸೆಟೆದ ಒಂದು ಮೀನು. ಸಿಲ್ವರ್ ಶಾರ್ಕ್ ಎಂದು ನಾವು ಮಾರುವ, ನೆಗೆಯುವುದರಲ್ಲಿ ಹೆಸರಾದ ಜಾತಿ.

"ನಿನ್ನ ಅಂಗಡೀದೇ ಕಣೋ ಇದು. ಪಕ್ಕದ ಮನೆಯವ್ರು ತಂದ್ಕೊಟ್ಟಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಮಂಚದ ಕೆಳಗೆ ಬಿದ್ದಿದೆ. ಇಷ್ಟು ದೊಡ್ಡ ತೊಟ್ಟಿ ಮಾರ್ತೀಯ, ಒಂದು ಮುಚ್ಚಳ ಕೊಡಕ್ಕಾಗಲ್ವಾ?"

ಆ 'ಕಣೋ' ಕೇಳಿದ ಮೇಲೆ ಮುಖ ನೋಡಿದೆ. ಕ್ರಾಫ್ಟ್ ಮಿಸ್! ನನ್ನನ್ನು ಅವರು ಬಾಗಿಲಲ್ಲೇ ಗುರುತಿಸಿದ್ದರಂತೆ.

ಮುಚ್ಚಳ ಇಲ್ಲವೆಂದಲ್ಲ, ಇದ್ದವು. ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿ, ಒಳಗೆ ಬಲ್ಬು ಕೂರಿಸಿದ ಭಾರದ ಪೆಟ್ಟಿಗೆಗಳು. ತೊಟ್ಟಿಗಿಂತ ಮುಚ್ಚಳದ ಬೆಲೆಯೇ ಹೆಚ್ಚು. ಎರಡು ವರ್ಷ ನೀರಿನ ಆವಿ ಕುಡಿದು ಪ್ಲೈವುಡ್ ಉಬ್ಬಿ, ಪದರ ಬಿಡುತ್ತಿತ್ತು. ತಗಡಿನದಾದರೆ ತುಕ್ಕು ಹಿಡಿದು ನೀರಿಗೆ ಉದುರುತ್ತಿತ್ತು. ಗಾಜಿನ ತುಂಡು ಮುಚ್ಚೋಣವೆಂದರೆ ಒದ್ದೆ ಕೈಯಿಂದ ಜಾರಿ ಒಡೆಯುತ್ತಿತ್ತು. ಮಿಸ್ ಒಂದು ಪ್ಲೈವುಡ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಮೂಸಿ, "ನೀರಿನ ನೆತ್ತಿ ಮೇಲೆ ಮರ, ಅದರೊಳಗೆ ಕರೆಂಟು. ಯಾರೋ ಇದನ್ನ ಯೋಚ್ನೆ ಮಾಡಿದ್ದು?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಅಂಗಡಿಯ ಒಂದು ತೊಟ್ಟಿಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಗುಬ್ಬಿ ಬಸ್ಸಿಗೆ ಹೋದರು.

ಹದಿನೈದು ದಿನಕ್ಕೆ ಮತ್ತೆ ಬಂದರು. ಕಂಕುಳಲ್ಲಿ ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಶೀಟಿನ ಒಂದು ಮುಚ್ಚಳ. ಅಚ್ಚುಕಟ್ಟಾಗಿತ್ತು. ಅಂಗಡಿಯ ತೊಟ್ಟಿಗೆ ಹಾಕಿ ನೋಡಿದೆವು. ವಾರ ಕಳೆಯುವಷ್ಟರಲ್ಲಿ ಕೆಳಗಿನ ಮೈ ನೀರು ಹೀರಿ, ಹಪ್ಪಳದ ಹಾಗೆ ಸೊಟ್ಟಗಾಯಿತು. ಮಿಸ್‌ಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ, "ಆಗ್ಲಿ, ಹಾಗಾದ್ರೆ ಅದಲ್ಲ" ಎಂದಷ್ಟೇ ಬಂತು. ಸೋತೆ ಎನ್ನುವ ದನಿಯೇ ಇರಲಿಲ್ಲ.

ಮೂರನೆಯ ಸಲ ತಂದದ್ದು ಬೇರೆಯೇ ವಸ್ತು. ಕಾರು ನಿಲ್ಲಿಸುವ ಜಾಗಕ್ಕೆ ಮೇಲೆ ಹೊದಿಸುತ್ತಾರಲ್ಲ, ಆ ಪಾಲಿಕಾರ್ಬೊನೇಟ್ ಶೀಟು. ಎರಡು ತೆಳು ಪದರ, ನಡುವೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳು. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕತ್ತರಿಸಿ ಬಿಸಾಕಿದ್ದ ಚೂರುಗಳನ್ನು ಅವರ ಹಳೆಯ ಶಿಷ್ಯನೊಬ್ಬ ಕೊಟ್ಟಿದ್ದನಂತೆ. ಬೈಂಡಿಂಗ್ ಚಾಕುವಿನಲ್ಲೇ ಕತ್ತರಿಸಬಹುದು. ಎತ್ತಿದರೆ ಹಗುರ, ಬಗ್ಗಿಸಿದರೆ ಬಗ್ಗುವುದಿಲ್ಲ, ಕೈಜಾರಿದರೆ ಒಡೆಯುವುದಿಲ್ಲ.

ಅದಕ್ಕೆ ಅವರು ಕೀಲು ಮಾಡಿದ್ದ ರೀತಿ ನೋಡಿ ನನಗೆ ಮೈ ಜುಂ ಎಂದಿತ್ತು. ತಿರುಗಣೆಯೂ ಇಲ್ಲ, ಸ್ಕ್ರೂ ಕೂಡ ಇಲ್ಲ. ಒಂದು ಕೊಳವೆಯ ಗುಂಟ ಮೇಲಿನ ಪದರವನ್ನಷ್ಟೇ ಚಾಕುವಿನಿಂದ ಸೀಳಿ, ಕೆಳಗಿನ ಪದರವನ್ನು ಹಾಗೇ ಬಿಟ್ಟಿದ್ದರು. ರಟ್ಟಿನ ಪುಸ್ತಕ ತೆರೆದ ಹಾಗೆ ಮುಚ್ಚಳದ ಮುಂಭಾಗ ಮಡಚಿಕೊಳ್ಳುತ್ತಿತ್ತು. ಕೊಳವೆಗಳ ಬಾಯೊಳಗೆ ನೀರು ಸೇರಿ ಪಾಚಿ ಕಟ್ಟದಂತೆ ಅಂಚಿಗೆಲ್ಲ ಗಾಜು ಅಂಟಿಸುವ ಸಿಲಿಕಾನ್ ತುಂಬಿದ್ದರು. ಹಿಡಿಯ ಜಾಗದಲ್ಲಿ ಸೋಡಾ ಬಾಟಲಿಯ ಪ್ಲಾಸ್ಟಿಕ್ ಬಿರಡೆಯೊಂದನ್ನು ಅಂಟಿಸಿದ್ದರು.

"ದೀಪ?" ಎಂದು ಕೇಳಿದೆ.

"ಶೀಟು ಬೆಳಕು ಬಿಡುತ್ತಲ್ಲ, ಮೇಲಿಂದಾನೇ ಇಡು. ನೀರಿಗೂ ಕರೆಂಟಿಗೂ ಮಧ್ಯ ಮುಚ್ಚಳ ಇರ್ಲಿ. ಮುಚ್ಚಳ ಇರೋದು ಮೀನು ನೆಗೀದಿರ್ಲಿ ಅಂತ ಮಾತ್ರ ಅಲ್ಲ ಕಣೋ, ಮನುಷ್ಯರು ಕೈ ಹಾಕ್ತಾರೆ."

ಅವರು ಮಾಡಿದ ಪ್ರತಿ ಮುಚ್ಚಳದ ಬಲಮೂಲೆಯಲ್ಲಿ ಕಪ್ಪು ಮಾರ್ಕರ್ ಪೆನ್ನಿನಿಂದ ಮೂರು ಪದ ಬರೆದಿರುತ್ತಿತ್ತು. 'ದೀಪ ಮೇಲೆ ಮಾತ್ರ'. ಬ್ಲ್ಯಾಕ್‌ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರ.

ಆ ಮುಚ್ಚಳಗಳು ಓಡಿದವು. ಅಗ್ಗ, ಗಟ್ಟಿ, ಹಗುರ. ಕ್ಯಾತ್ಸಂದ್ರದ ಹಾಸ್ಟೆಲ್ಲಿಗೆ, ಕೋರದ ಒಂದು ತೋಟದ ಮನೆಗೆ, ತುಮಕೂರಿನ ಎಷ್ಟೋ ಬೀದಿಗಳಿಗೆ ಹೋದವು. ಮಿಸ್ ವಾರಕ್ಕೊಮ್ಮೆ ಬಸ್ಸಿನಲ್ಲಿ ತಂದು ಕೊಡುತ್ತಿದ್ದರು. ಕಂಡಕ್ಟರ್‌ಗಳು ಅವರನ್ನು 'ಮುಚ್ಚಳದ ಟೀಚರ್' ಎನ್ನುತ್ತಿದ್ದರಂತೆ. ಅದನ್ನು ಹೇಳಿಕೊಂಡು ಬಾಯಿ ತುಂಬ ನಗುತ್ತಿದ್ದರು. ಶನಿವಾರ ಶನಿವಾರ ತಮ್ಮ ಹಳೆಯ ಸ್ಕೂಲಿಗೆ ಹೋಗಿ, ರಿಟೈರ್ ಆದ ಮೇಲೂ ಮಕ್ಕಳಿಗೆ ಸುಮ್ಮನೆ ಕ್ರಾಫ್ಟ್ ಹೇಳಿಕೊಡುತ್ತಿದ್ದರು. ಅಲ್ಲಿ ಮಕ್ಕಳ ಕೈಯಲ್ಲೂ ಚಿಕ್ಕ ಮುಚ್ಚಳ ಮಾಡಿಸಿದರಂತೆ.

ಗಿರಾಕಿಗಳು ಚೆನ್ನಾಗಿದೆ ಎಂದಾಗ ನಾನು ಏನು ಹೇಳುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. "ನಮ್ದೇ ಡಿಸೈನು ಸಾರ್" ಎನ್ನುತ್ತಿದ್ದೆ. ಒಂದು ಸಲವೂ ಮಿಸ್ ಹೆಸರು ಎತ್ತಲಿಲ್ಲ.

ಆಮೇಲೆ ಕುಣಿಗಲ್‌ನಿಂದ ಒಬ್ಬ ಗಿರಾಕಿ ಬಂದ. ಎರಡು ಲಾರಿ ಇಟ್ಟುಕೊಂಡಿದ್ದ, ಹೊಸದಾಗಿ ಮನೆ ಕಟ್ಟಿಸಿದ್ದ. ದೊಡ್ಡ ತೊಟ್ಟಿ ಬೇಕೆಂದ. ಮುಚ್ಚಳ ತೋರಿಸಿದೆ. ಮುಖ ಸಿಂಡರಿಸಿದ.

"ಇದೇನ್ರೀ, ಬಾಟ್ಲಿ ಬಿರಡೆ ಅಂಟ್ಸಿದೀರಾ? ಗೃಹಪ್ರವೇಶಕ್ಕೆ ಜನ ಬರ್ತಾರೆ. ಒಳ್ಳೆ ಹಿಡಿ ಹಾಕ್ರಿ. ಲೈಟು ಒಳಗಡೆಯಿಂದ ಝಗ್ ಅನ್ಬೇಕು. ಮೇಲಿಂದ ಇಟ್ರೆ ಮಂಕು ಹೊಡಿಯುತ್ತೆ."

ಮಿಸ್ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರನ್ನು ಕೇಳಲೂ ಇಲ್ಲ. ಅವರು ತಂದುಕೊಟ್ಟಿದ್ದ ದೊಡ್ಡ ಮುಚ್ಚಳದ ಬಿರಡೆಯನ್ನು ಕಿತ್ತು, ಆ ಜಾಗದಲ್ಲಿ ಡ್ರಾಯರಿಗೆ ಹಾಕುವ ಅಲ್ಯೂಮಿನಿಯಂ ಹಿಡಿಯನ್ನು ಎರಡು ಸ್ಕ್ರೂ ಬಿಗಿದು ಕೂರಿಸಿದೆ. ಅದರ ಕೆಳಗೇ, ನೀರಿನ ಕಡೆಗೆ, ಸಿಎಫ್‌ಎಲ್ ಬಲ್ಬಿನ ಹೋಲ್ಡರ್ ಹಾಕಿದೆ. ವೈರು ಆ ಸ್ಕ್ರೂಗಳ ಪಕ್ಕದಲ್ಲೇ ಹಾದುಹೋಯಿತು. ನೋಡಲು ಬಹಳ ಚೆನ್ನಾಗಿತ್ತು. ಕೊನೆಗೆ ಮೂಲೆಯಲ್ಲಿದ್ದ ಮೂರು ಪದ ಕಣ್ಣಿಗೆ ಬಿತ್ತು. ದೀಪ ಕೆಳಗೆ ಹಾಕಿ, ಮೇಲೆ ಮಾತ್ರ ಎಂಬ ಬರಹ ಬಿಟ್ಟರೆ ಗಿರಾಕಿ ಪ್ರಶ್ನೆ ಕೇಳುತ್ತಾನೆ. ಬಟ್ಟೆಗೆ ಥಿನ್ನರ್ ಹಾಕಿಕೊಂಡು ಒರೆಸಿದೆ. ಅಕ್ಷರ ಹೋಯಿತು. ಥಿನ್ನರ್ ತಾಗಿ ಆ ಜಾಗ ಮಾತ್ರ ಹೊಗೆ ಹಿಡಿದ ಹಾಗೆ ಬೆಳ್ಳಗಾಯಿತು. ಯಾರು ನೋಡುತ್ತಾರೆ ಎಂದುಕೊಂಡೆ.

ಅದೊಂದೇ ಅಲ್ಲ. ಅದು ಝಗ್ ಎಂದದ್ದು ನೋಡಿ, ಆಮೇಲೆ ಇನ್ನೂ ನಾಲ್ಕು ಮುಚ್ಚಳಗಳಿಗೆ ಹಾಗೇ ಮಾಡಿ ಕೊಟ್ಟೆ.

ಐದಾರು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ಆ ಗಿರಾಕಿ ತನ್ನ ಭಾವಮೈದುನನ ಜೊತೆ ಬಂದು ಜೀಪಿನಿಂದ ಇಳಿದ. ಕೈಯಲ್ಲಿ ಆ ಮುಚ್ಚಳ. ಹಿಂದಿನ ದಿನ ಅವನ ಹೆಂಡತಿ ನೆಲ ಒರೆಸಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೀನಿಗೆ ಕಾಳು ಹಾಕಲು ಹಿಡಿ ಹಿಡಿದಿದ್ದಾಳೆ. ಒಳಗೆ ವೈರಿನ ಮೈ ಸ್ಕ್ರೂವಿಗೆ ಉಜ್ಜಿ ಸವೆದಿತ್ತು. ಕರೆಂಟು ಹಿಡಿಗೆ ಬಂದಿತ್ತು. ಹಿಡಿದ ಕೈ ಬಿಡಲು ಆಗಿಲ್ಲ. ಯಾರೋ ಮೇನ್ ಆಫ್ ಮಾಡುವಷ್ಟರಲ್ಲಿ ಅಂಗೈ ಸುಟ್ಟುಹೋಗಿದೆ. ಆಕೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಸುಟ್ಟದ್ದು ಬಲಗೈ.

"ಯಾವನ್ರೀ ಇದನ್ನ ಮಾಡಿದ್ದು?" ಎಂದು ಭಾವಮೈದುನ ನನ್ನ ಕಾಲರ್ ಹಿಡಿದ.

ನನ್ನ ಬಾಯಿಂದ ಬಂದ ಮಾತು ಇದು: "ನಾನಲ್ಲ ಸಾರ್. ಗುಬ್ಬೀಲಿ ಒಬ್ರು ಟೀಚರ್ ಮಾಡ್ಕೊಡ್ತಾರೆ. ನಾನು ಬರೀ ಮಾರೋನು."

"ಬಾ, ತೋರ್ಸು" ಎಂದು ಜೀಪಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಭಾವಮೈದುನ ಬಯ್ಯುತ್ತಿದ್ದ. ಗಿರಾಕಿ ಮಾತ್ರ ಒಂದು ಮಾತೂ ಆಡದೆ ಗಾಡಿ ಓಡಿಸುತ್ತಿದ್ದ. ಲೈಟು ಒಳಗೆ ಬೇಕೆಂದವನು ತಾನೇ ಎಂಬುದನ್ನು ಅವನು ಮರೆತಿರಲಿಲ್ಲ. ಅವನಿಗೆ ನೆನಪಿದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂಬುದು ಅವನಿಗೂ ಗೊತ್ತಿತ್ತು. ಗುಬ್ಬಿ ಬರುವ ತನಕ ನಾವಿಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಮಿಸ್ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಶೀಟು ಕತ್ತರಿಸುತ್ತ ಕೂತಿದ್ದರು. ಸಿಲಿಕಾನಿನ ಹುಳಿ ವಾಸನೆ ಬೀದಿಯವರೆಗೆ ಬರುತ್ತಿತ್ತು. ನನ್ನನ್ನು ನೋಡಿ, "ಬಾರೋ, ಇದೇನ್ ಇಷ್ಟು ದೂರ?" ಎಂದರು. ಹಿಂದೆ ಇದ್ದವರನ್ನು ನೋಡಿ ಎದ್ದು ನಿಂತರು.

ಗಿರಾಕಿ ಮುಚ್ಚಳವನ್ನು ಅವರ ಮುಂದೆ ಎಸೆದ. "ಇದು ನೀವ್ ಮಾಡಿದ್ದೇನಮ್ಮ?"

"ಹೌದು. ಶೀಟು ನಾನು ಕತ್ತರಿಸಿದ್ದು. ಏನಾಯ್ತು?"

ಭಾವಮೈದುನ ಎಲ್ಲ ಹೇಳಿದ. ಮಿಸ್ ಮೊದಲು ಕೇಳಿದ್ದು, "ಆ ಹೆಣ್ಮಗಳು ಈಗ ಹೇಗಿದಾಳೆ?"

"ಹೆಂಗಿರ್ತಾಳೆ? ತುಮಕೂರಲ್ಲಿ ಆಸ್ಪತ್ರೇಲಿ ಮಲಗವ್ಳೆ. ಎರಡು ಬೆರಳು ಮಡಚಕ್ಕಾಗಲ್ಲ ಅಂತಾವ್ರೆ."

ಮಿಸ್ ಕೂತು, ಕನ್ನಡಕ ಹಾಕಿಕೊಂಡು, ಮುಚ್ಚಳವನ್ನು ತೊಡೆಯ ಮೇಲೆ ಇಟ್ಟುಕೊಂಡರು. ತಿರುಗಿಸಿದರು. ಹೋಲ್ಡರ್ ನೋಡಿದರು. ಹಿಡಿಯ ಸ್ಕ್ರೂ ಮುಟ್ಟಿ ನೋಡಿದರು. ಆಮೇಲೆ ಅವರ ಕಣ್ಣು ಮುಚ್ಚಳದ ಬಲಮೂಲೆಗೆ ಹೋಯಿತು. ಆ ಬೆಳ್ಳಗಿನ ಕಲೆಯ ಮೇಲೆ ಹೆಬ್ಬೆರಳು ಇಟ್ಟು ಒಂದೆರಡು ಸಲ ಉಜ್ಜಿದರು. ಅದು ಏನೆಂದು ಆ ಬೀದಿಯಲ್ಲಿ ಇಬ್ಬರಿಗೆ ಮಾತ್ರ ಅರ್ಥವಾಗುತ್ತಿತ್ತು.

"ಈ ಹಿಡಿ ನಂದಲ್ಲ. ಈ ಹೋಲ್ಡರೂ ನಂದಲ್ಲ. ಇಲ್ಲಿ ಬರ್ದಿದ್ದೆ ನಾನು. ಅಳಿಸಿದಾರೆ." ತಲೆ ಎತ್ತಿ ನನ್ನನ್ನು ನೋಡಿದರು. "ಹೇಳೋ. ಯಾರು ಹಾಕಿದ್ದು ಇದನ್ನ?"

ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಎದುರು ಮನೆಯ ಮಕ್ಕಳು ಸ್ಕೂಲ್ ಬ್ಯಾಗ್ ಹಾಕಿಕೊಂಡೇ ನಿಂತುಬಿಟ್ಟಿದ್ದರು. ಭಾವಮೈದುನನ ಕೈ ನನ್ನ ಹೆಗಲ ಮೇಲಿತ್ತು.

"ನೀವ್ ಕೊಟ್ಟಂಗೇ ಕಳಿಸ್ದೆ ಮಿಸ್" ಎಂದೆ.

ಮಿಸ್ ಗಿರಾಕಿಯ ಕಡೆ ತಿರುಗಿದರು. ಅವನು ಒಂದು ಕ್ಷಣ ನೆಲ ನೋಡಿದ. ಅಲ್ಲೇ ಅವನು ಬಾಯಿ ಬಿಟ್ಟಿದ್ದರೂ ಸಾಕಿತ್ತು... ತಲೆ ಎತ್ತಿದವನೇ ಮೊದಲಿಗಿಂತ ಜೋರಾಗಿ ಕಿರುಚತೊಡಗಿದ. "ವಯಸ್ಸಾದ್ಮೇಲೆ ದೇವ್ರು ದಿಂಡ್ರು ಅನ್ಕೊಂಡು ಮನೇಲಿ ಕೂತ್ಕಬೇಕು. ಬರ್ದೇ ಇರೋ ಕೆಲಸಕ್ಕೆ ಯಾಕ್ ಕೈ ಹಾಕ್ತೀರ? ನನ್ನ ಹೆಂಡ್ತಿ ಕೈ ತಂದ್ಕೊಡ್ತೀರಾ?"

ಮಿಸ್ ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ನನ್ನೊಬ್ಬನನ್ನೇ ನೋಡುತ್ತ, ತೀರ ಮೆತ್ತಗೆ, "ನೀವಿನ್ನು ಹೊರಡಿ" ಎಂದರು.

ಹೈಸ್ಕೂಲಿನಿಂದ ಅಂದಿನ ತನಕ ಅವರು ನನ್ನನ್ನು 'ನೀನು' ಎಂದೇ ಮಾತಾಡಿಸಿದ್ದರು. ಆ 'ನೀವು' ನನ್ನ ಬೆರಳ ಗಿಣ್ಣಿಗೆ ಬಿದ್ದ ಎಲ್ಲ ಏಟುಗಳಿಗಿಂತ ಜೋರಾಗಿ ಬಿತ್ತು.

ಊರು ಚಿಕ್ಕದು. ಮಾತು ಬೇಗ ಹಬ್ಬಿತು. ಟೀಚರಮ್ಮ ಮಾಡಿದ ಡಬ್ಬಾ ಮುಚ್ಚಳದಿಂದ ಕುಣಿಗಲ್‌ನಲ್ಲಿ ಒಬ್ಬಳ ಕೈ ಹೋಯಿತಂತೆ ಎಂದು ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆಡಿಕೊಂಡರು. ಸ್ಕೂಲಿನವರು, ಅಪ್ಪಅಮ್ಮಂದಿರು ಕೇಳುತ್ತಿದ್ದಾರೆ, ಸ್ವಲ್ಪ ದಿನ ಬರುವುದು ಬೇಡ ಮಿಸ್ ಎಂದರಂತೆ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಶನಿವಾರದ ಕ್ರಾಫ್ಟ್ ಕ್ಲಾಸು ಅಲ್ಲಿಗೆ ನಿಂತಿತು. ಇದನ್ನೆಲ್ಲ ನಾನು ಗುಬ್ಬಿಯ ಗೆಳೆಯರಿಂದ ಕೇಳುತ್ತಿದ್ದೆ. ಅಯ್ಯೋ ಪಾಪ ಎನ್ನುತ್ತಿದ್ದೆ.

ತಿಂಗಳಾಗಿರಬಹುದು. ಮಿಸ್ ಅಂಗಡಿಗೆ ಬಂದರು. ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡು ಎದ್ದು ನಿಂತೆ. ಎರಡೂ ಮಾಡಲಿಲ್ಲ.

"ಮುಚ್ಚಳ ತಗೊಂಡೋರ ವಿಳಾಸ ಬೇಕಿತ್ತು. ತೊಟ್ಟಿ ಕ್ಲೀನ್ ಮಾಡಕ್ಕೆ ಹೋಗ್ತೀರಲ್ಲ, ಆ ಪುಸ್ತಕ ಇದೆಯಲ್ಲ, ಅದು ಕೊಡಿ."

ಕೊಟ್ಟೆ. ಅಲ್ಲೇ ಕೂತು ಎಲ್ಲ ವಿಳಾಸಗಳನ್ನೂ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಮೇಲೆ ಕೈಚೀಲದಲ್ಲಿ ಟೆಸ್ಟರ್, ಸ್ಕ್ರೂಡ್ರೈವರ್, ಒಂದಷ್ಟು ಬಾಟಲಿ ಬಿರಡೆ ಇಟ್ಟುಕೊಂಡು, ಬಿಸಿಲಲ್ಲಿ, ಒಂದೊಂದೇ ಮನೆಗೆ ಹೋಗತೊಡಗಿದರು. ಪ್ರತಿ ಮನೆಯಲ್ಲೂ ಮುಚ್ಚಳ ಎತ್ತಿ ಕೆಳಗೆ ನೋಡುತ್ತಿದ್ದರಂತೆ. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದರಂತೆ. ಕ್ಯಾತ್ಸಂದ್ರದ ಹಾಸ್ಟೆಲ್ ವಾರ್ಡನ್ ಒಂದು ದಿನ ಅಂಗಡಿಗೆ ಬಂದಾಗ ಹೇಳಿದರು: "ಆ ಟೀಚರ್ ಬಂದಿದ್ರು ಕಣ್ರೀ. 'ಒಂದು ತಪ್ಪಾಗಿದೆ, ಸರಿ ಮಾಡಿ ಹೋಗ್ತೀನಿ' ಅಂದ್ರು. ಒಳಗಿನ ಲೈಟ್ ತೆಗೆದು ಮೇಲೆ ಹಾಕ್ಕೊಟ್ರು. ಯಾರ ತಪ್ಪು ಅಂತ ಕೇಳಿದ್ರೆ ಏನೂ ಹೇಳ್ಲಿಲ್ಲ. ಅವರದ್ದೇ ಇರ್ಬೇಕು, ಪಾಪ."

"ಇರ್ಬೇಕು" ಎಂದೆ.

ಅದಾಗಿ ಕೆಲವು ದಿನಕ್ಕೆ ಮಿಸ್ ಮತ್ತೆ ಬಂದರು. ಕೈಚೀಲದಿಂದ ಮೂರು ಹೋಲ್ಡರ್, ಮೂರು ಅಲ್ಯೂಮಿನಿಯಂ ಹಿಡಿ ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಚಪ್ಪಲಿಯ ಉಂಗುಷ್ಟ ಕಿತ್ತು ಪಿನ್ನು ಹಾಕಿದ್ದರು.

"ಇನ್ನೂ ಎಷ್ಟಿವೆ ಹೇಳಿ."

"ಇಷ್ಟೇ ಮಿಸ್."

"ನನಗೋಸ್ಕರ ಹೇಳೋದು ಬೇಡ. ಅದು ಆಗ್ಹೋಯ್ತು. ಯಾರೋ ಕೈ ಇಡ್ತಾರೆ, ಒಂದು ಮಗು ಇಡುತ್ತೆ. ಅದಕ್ಕೆ ಹೇಳಿ."

ಹೋಲ್ಡರುಗಳನ್ನು ಕೌಂಟರಿನ ಪಕ್ಕಕ್ಕೆ ಸರಿಸಿದೆ. ಅವರು ನಿಂತೇ ಇದ್ದರು. ತೊಟ್ಟಿಗಳ ಗಾಳಿಯ ಮೋಟಾರುಗಳು ಗುಯ್‌ಗುಡುತ್ತಿದ್ದವು.

"ಕೋರದಲ್ಲಿ ಒಂದಿದೆ" ಎಂದೆ ಕೊನೆಗೆ. "ಪುಸ್ತಕದಲ್ಲಿ ಬರ್ದಿಲ್ಲ. ಹೈವೇ ಪಕ್ಕದ ತೋಟದ ಮನೆ."

ಆ ಇಡೀ ಪ್ರಕರಣದಲ್ಲಿ ನಾನು ಆಡಿದ ನಿಜ ಅದೊಂದೇ. ಅವರು ಅದನ್ನು ಬರೆದುಕೊಂಡು ಕೋರದ ಬಸ್ಸಿಗೆ ಹೋದರು. ನಾನೇ ಹೋಗಿ ಬಿಚ್ಚಿ ಬರುತ್ತೇನೆ ಮಿಸ್, ನೀವು ಕೂತುಕೊಳ್ಳಿ ಎಂದು ಹೇಳಬಹುದಿತ್ತು. ಬಾಯಿಯವರೆಗೂ ಬಂತು... ಹೇಳಲಿಲ್ಲ. ಮತ್ತೆ ಅವರನ್ನು ನಾನು ನೋಡಲಿಲ್ಲ.

ಅಂಗಡಿ ಆಮೇಲೆ ನಾಲ್ಕು ವರ್ಷ ನಡೆಯಿತು. ಮಿಸ್ ಮುಚ್ಚಳ ಮಾಡುವುದನ್ನು ನಿಲ್ಲಿಸಿದರು. ನಾನು ಮತ್ತೆ ಪ್ಲೈವುಡ್ ಪೆಟ್ಟಿಗೆಗಳನ್ನೇ ಮಾರಿದೆ. ಕೊನೆಗೆ ಅಂಗಡಿ ಮುಚ್ಚಿ, ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಇಂದಿಗೂ ಅಲ್ಲೇ ಇದ್ದೇನೆ.

ಮೂರು ವರ್ಷದ ಹಿಂದೆ, ಮಿಸ್ ಹೋದರೆಂದು ಗುಬ್ಬಿಯ ಗೆಳೆಯನೊಬ್ಬ ಫೋನ್ ಮಾಡಿ ಹೇಳಿದ. ಮಣ್ಣಿಗೆ ಹೋಗಲಿಲ್ಲ, ಧೈರ್ಯ ಬರಲಿಲ್ಲ. ತಿಥಿಯ ದಿನ ಹೋದೆ. ಅವರ ತಂಗಿ ತಿಪಟೂರಿನಿಂದ ಬಂದು ಎಲ್ಲ ನಡೆಸುತ್ತಿದ್ದರು. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. "ಅಕ್ಕನ ಸ್ಟೂಡೆಂಟೇನಪ್ಪ?" ಎಂದು ಕೇಳಿದರು. ಹೌದು ಎಂದೆ. "ಅಕ್ಕನಿಗೆ ಸ್ಟೂಡೆಂಟ್ಸ್ ಅಂದ್ರೆ ಪ್ರಾಣ. ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ಕೈಹಿಡಿದು ಕೂರಿಸಿದರು. ಎಲೆಗೆ ಎರಡು ಸಲ ಪಾಯಸ ಬಡಿಸಿದರು. ನಾನು ತಿಂದೆ. ಈ ಕೈಯಿಂದಲೇ, ಆ ಜಗಲಿಯ ಮೇಲೇ ಕೂತು ತಿಂದೆ.

ಪೇಂಟರ್ ಬಂದು ಹೋದ ಮೇಲೆ, ಮಿಸ್‌ಗೆ ಹೇಳಲಾಗದ್ದನ್ನು ಕೈ ಸುಟ್ಟುಕೊಂಡ ಆ ಹೆಂಗಸಿಗಾದರೂ ಹೇಳಬೇಕು ಎನಿಸಿತು. ಕಳೆದ ಭಾನುವಾರ ಕುಣಿಗಲ್‌ಗೆ ಹೋದೆ.

ಮನೆ ಅದೇ. ಮುಂದಿನ ರೂಮಿಗೆ ಶಟರ್ ಹಾಕಿಸಿ ಆಕೆ ಸಣ್ಣದೊಂದು ಫ್ಯಾನ್ಸಿ ಸ್ಟೋರ್ ಮಾಡಿದ್ದಾಳೆ. ಬಳೆ, ಕ್ಲಿಪ್ಪು, ರಿಬ್ಬನ್ನು. ಹೊಲಿಗೆ ಮೆಷಿನ್ ಎಲ್ಲೂ ಕಾಣಲಿಲ್ಲ. ಬಲಗೈಯ ಎರಡು ಬೆರಳು ನೆಟ್ಟಗೆ ನಿಂತುಬಿಟ್ಟಿವೆ. ಗಂಡ ಲಾರಿಯ ಜೊತೆ ಹೋಗಿದ್ದಾನೆಂದಳು. ನಾನು ಯಾರೆಂದು ಹೇಳಿದೆ. ಆಕೆ ಸ್ಟೂಲ್ ತೋರಿಸಿದಳು. ಕೂರಲಿಲ್ಲ.

"ನಿಮ್ಮನೆ ಮುಚ್ಚಳಕ್ಕೆ ದೀಪ ಹಾಕಿದ್ದು ನಾನಮ್ಮ. ಆ ಟೀಚರ್ ಅಲ್ಲ. ಅವ್ರು ಹಾಕ್ಬೇಡಿ ಅಂತ ಬರ್ದಿದ್ದನ್ನ ನಾನೇ ಅಳಿಸ್ದೆ."

ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದು ಹೊರಬರಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಆಕೆ ಬಳೆಗಳನ್ನು ಕೋಲಿಗೆ ಏರಿಸುತ್ತಲೇ ಇದ್ದಳು.

"ಗೊತ್ತು ಅಣ್ಣ" ಎಂದಳು.

"ಟೀಚರ್ ಹೇಳಿದ್ರಾ?"

"ಆಯಮ್ಮ ಏನೂ ಹೇಳ್ಲಿಲ್ಲ. ಎರಡು ಸಲ ಬಂದಿದ್ರು ನನ್ನ ನೋಡಕ್ಕೆ. ಮೊದಲ್ನೇ ಸಲ ಮುಖದ ಮೇಲೇ ಬಾಗ್ಲು ಹಾಕ್ಕಂಡೆ. ಎರಡ್ನೇ ಸಲ ಬಾಗ್ಲು ತಟ್ಟಲೇ ಇಲ್ಲ, ಕಿತ್ಲೆಹಣ್ಣು ಮೆಟ್ಲ ಮೇಲೆ ಇಟ್ಟು ಹೊಂಟೋದ್ರು. ಅವರಿನ್ನೂ ಆ ತಿರುವಿನಲ್ಲೇ ಹೋಗ್ತಾ ಇದ್ರು, ನಾನು ಹಣ್ಣು ಎತ್ಕಂಡು ಬೀದಿಗೆ ಎಸ್ದೆ. ತಿರುಗಿ ನೋಡಿದ್ರು."

ಬಳೆಯ ಕೋಲನ್ನು ಮೊಳೆಗೆ ತಗುಲಿಸಿದಳು.

"ನಮ್ಮನೆಯವ್ರು ಹೋದ ವರ್ಷ ಹುಷಾರಿಲ್ದೆ ಮಲಗಿದ್ದಾಗ ಹೇಳಿದ್ರು. ಲೈಟು ಒಳಗೆ ಬೇಕು ಅಂದಿದ್ದು ನಾನೇ ಅಂತ, ಹಾಕಿದ್ದು ಅಂಗಡಿಯವ್ರು ಅಂತ. ಅಳ್ತಾ ಹೇಳಿದ್ರು. ಇವತ್ತು ನೀವ್ ಬಂದು ಹೇಳ್ತಿದೀರ. ಇಬ್ರೂ ನನ್ನ ಮುಂದೆ ಬಂದು ಹೇಳ್ಕಂಡು ಹಗುರ ಮಾಡ್ಕಂಡ್ರಿ. ಆಯಮ್ಮ ಇದ್ದಾಗ ಒಬ್ರೂ ಹೋಗ್ಲಿಲ್ವಲ್ಲ ಅಣ್ಣ." ನನ್ನ ಮುಖ ನೋಡಿದಳು. "ನಾನು ಹಣ್ಣು ಎಸ್ದೆನಲ್ಲ, ಈಗ ನಾನ್ ಯಾರ ಹತ್ರ ಹೋಗ್ಲಿ?"

ಇಬ್ಬರು ಹುಡುಗಿಯರು ರಿಬ್ಬನ್ ಕೇಳಿಕೊಂಡು ಬಂದರು. ಆಕೆ ಅವರ ಕಡೆ ತಿರುಗಿದಳು. ಎಡಗೈಯಲ್ಲಿ ಕತ್ತರಿ ಹಿಡಿದಳು. ಆಕೆ ಮತ್ತೆ ನನ್ನ ಕಡೆ ನೋಡಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆದು ಬಂದು ತುಮಕೂರಿನ ಬಸ್ಸು ಹತ್ತಿದೆ. ಹೇಳಿದರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನಾನು ಹೇಳಬೇಕಿದ್ದ ಗುಬ್ಬಿಯ ಆ ಮನೆಯಲ್ಲಿ ಈಗ ಯಾರೋ ಬಾಡಿಗೆಗೆ ಇದ್ದಾರಂತೆ. ಆ ಜಗಲಿಗೆ ಗ್ರಿಲ್ ಹಾಕಿಸಿ ಸ್ಕೂಟರ್ ನಿಲ್ಲಿಸಿಕೊಳ್ಳುತ್ತಾರಂತೆ.